ಕೆಳಗೆ ಜಾರಿದ ಬಟನ್ನು

ನನ್ನ ಮೊದಲ ಕೆಲಸ ಏನೆಂದು ಅಮ್ಮನಿಗೆ ಅರ್ಥ ಮಾಡಿಸಲು ಒಂದು ವರ್ಷ ಪ್ರಯತ್ನಪಟ್ಟು ಕೈಬಿಟ್ಟೆ. "ಬೇರೆಯವರು ಮಾಡಿದ ವೆಬ್‌ಸೈಟು ಸರಿಯಾಗಿ ಕಾಣ್ತದೋ ಇಲ್ವೋ ಅಂತ ನೋಡೋದು" ಎಂದರೆ, "ನೋಡೋಕೂ ಸಂಬಳ ಕೊಡ್ತಾರಾ?" ಎನ್ನುತ್ತಿದ್ದಳು. ಕೊಡುತ್ತಿದ್ದರು. 2008ರಲ್ಲಿ ಬೆಂಗಳೂರಿನ ಮಾರತ್ತಹಳ್ಳಿಯ ಕಡೆ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಕೂತು, ಅಮೆರಿಕದ ಯಾವುದೋ ಕಂಪನಿಯ ಪುಟವೊಂದನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ ನೋಡುವುದು, ಅದೇ ಪುಟವನ್ನು 7ರಲ್ಲಿ ನೋಡುವುದು, ಆಮೇಲೆ ಫೈರ್‌ಫಾಕ್ಸ್ 2, ಫೈರ್‌ಫಾಕ್ಸ್ 3, ಸಫಾರಿ. ಪ್ರತಿಯೊಂದರಲ್ಲೂ ಪರದೆಯ ಚಿತ್ರ ತೆಗೆದು ಅಕ್ಕಪಕ್ಕ ಇಟ್ಟು ಎಲ್ಲಿ ಏನು ಬೇರೆಯಾಗಿದೆ ಎಂದು ಎಕ್ಸೆಲ್ ಹಾಳೆಯಲ್ಲಿ ಬರೆಯುವುದು. ಮಕ್ಕಳ ಪತ್ರಿಕೆಗಳಲ್ಲಿ ಎರಡು ಚಿತ್ರ ಕೊಟ್ಟು 'ಏಳು ವ್ಯತ್ಯಾಸ ಗುರುತಿಸಿ' ಎನ್ನುತ್ತಾರಲ್ಲ, ಅದನ್ನೇ ದಿನಕ್ಕೆ ಒಂಬತ್ತು ಗಂಟೆ ಮಾಡಿದರೆ ಹೇಗಿರುತ್ತದೋ ಹಾಗೆ.

ಈ ಕೆಲಸ ಯಾಕೆ ಬೇಕು ಎಂದು ಆಗ ಹೊಸಬರು ಕೇಳುತ್ತಿದ್ದರು. ಪುಸ್ತಕವನ್ನು ಒಮ್ಮೆ ಅಚ್ಚು ಹಾಕಿದರೆ ಎಲ್ಲರ ಕೈಯಲ್ಲೂ ಅದೇ ಪುಟ ಇರುತ್ತದೆ. ವೆಬ್‌ಪುಟ ಹಾಗಲ್ಲ. ಅಲ್ಲಿ ನಾವು ಕಳಿಸುವುದು ಪುಟವನ್ನಲ್ಲ, ಪುಟ ಹೇಗಿರಬೇಕು ಎಂಬ ಸೂಚನೆಯನ್ನು. ಇಷ್ಟು ಅಗಲ, ಇಷ್ಟು ಅಂಚು, ಈ ಬಣ್ಣ. ಓದುವವರ ಕಂಪ್ಯೂಟರಿನಲ್ಲಿರುವ ಬ್ರೌಸರು ಆ ಸೂಚನೆಯನ್ನು ತನಗೆ ತಿಳಿದಂತೆ ಅರ್ಥ ಮಾಡಿಕೊಂಡು ಪುಟವನ್ನು ಅಲ್ಲೇ ಕಟ್ಟುತ್ತದೆ. ಒಂದೇ ಅಡುಗೆಯನ್ನು ಇಬ್ಬರು ಸೊಸೆಯಂದಿರಿಗೆ ಬಾಯಲ್ಲಿ ಹೇಳಿಕೊಟ್ಟ ಹಾಗೆ. ಒಬ್ಬಳ 'ಒಂದು ಹಿಡಿ' ಇನ್ನೊಬ್ಬಳ ಎರಡು ಹಿಡಿ.

ಇದರಲ್ಲಿ ಎಲ್ಲರಿಗಿಂತ ಹೆಚ್ಚು ಬೈಗುಳ ತಿಂದದ್ದು ಐಇ6. 2001ರ ಆಗಸ್ಟಿನಲ್ಲಿ ಬಂತು, ಆ ವರ್ಷದ ಕೊನೆಗೆ ವಿಂಡೋಸ್ ಎಕ್ಸ್‌ಪಿಯ ಜೊತೆ ಮನೆಮನೆ ಸೇರಿತು. ಆಮೇಲೆ ಐದು ವರ್ಷ, ಅಂದರೆ 2006ರ ಅಕ್ಟೋಬರಿನಲ್ಲಿ ಐಇ7 ಬರುವವರೆಗೆ, ಮೈಕ್ರೋಸಾಫ್ಟು ಅದರ ಮುಂದಿನ ಆವೃತ್ತಿಯನ್ನೇ ತರಲಿಲ್ಲ. ಅಷ್ಟರಲ್ಲಿ ಜಗತ್ತಿನ ಕಂಪ್ಯೂಟರುಗಳಲ್ಲೆಲ್ಲ ಅದೇ ಬೇರು ಬಿಟ್ಟಿತ್ತು. ಅದರ ತಪ್ಪುಗಳಿಗೆ ಹೆಸರುಗಳಿದ್ದವು. ಪುಟದ ಅಕ್ಷರಗಳು ಇದ್ದಕ್ಕಿದ್ದಂತೆ ಮಾಯವಾಗಿ, ಪುಟವನ್ನು ಸ್ವಲ್ಪ ಸರಿಸಿದರೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ 'ಪೀಕಬೂ ಬಗ್' ಎನ್ನುತ್ತಿದ್ದರು. ನಾವು ಮಗುವಿನ ಮುಂದೆ ಸೆರಗು ಮುಚ್ಚಿ ತೆಗೆದು ಆಡಿಸುವ ಆಟವೇ ಅದು. ಹಿಂದಿನದು ಕಾಣುವಂತೆ ಪಾರದರ್ಶಕವಾಗಿ ಮಾಡಿದ ಪಿಎನ್‌ಜಿ ಚಿತ್ರ ಹಾಕಿದರೆ ಅದರ ಸುತ್ತ ಬೂದು ಬಣ್ಣದ ಚೌಕ ಬರುತ್ತಿತ್ತು.

ಇನ್ನೊಂದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈ ಬರಹ ಇರುವುದೇ ಅದರಿಂದ. ಪುಟದ ಒಂದು ಭಾಗವನ್ನು ಎಡಕ್ಕೆ ಆನಿಸಿ, ಅದರ ಎಡಗಡೆ 10 ಪಿಕ್ಸೆಲ್ ಜಾಗ ಬಿಡು ಎಂದು ಬರೆದರೆ ಐಇ6 ಸಾಲಿನ ಮೊದಲನೆಯದಕ್ಕೆ 20 ಬಿಡುತ್ತಿತ್ತು. ಸರಿಯಾಗಿ ದುಪ್ಪಟ್ಟು. ಹತ್ತು ಪಿಕ್ಸೆಲ್ ಅಂದರೆ ಬೆರಳಿನ ಉಗುರಿನಷ್ಟೂ ಅಲ್ಲ. ಆದರೆ ಅಳತೆ ಬಿಗಿಯಾಗಿದ್ದರೆ ಅಷ್ಟೇ ಸಾಕು. ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ಕಿಟಕಿ ಪಕ್ಕದವರು ಚೂರು ಅಗಲವಾಗಿ ಕೂತರೆ ಕೊನೆಯವರು ಜಾರುತ್ತಾರಲ್ಲ, ಹಾಗೆ ಸಾಲಿನ ಕೊನೆಯಲ್ಲಿದ್ದದ್ದು ಕೆಳಗಿನ ಸಾಲಿಗೆ ಬೀಳುತ್ತಿತ್ತು. ಆ ಪೆಟ್ಟಿಗೆಗೆ ಇಂತಿಷ್ಟೇ ಎತ್ತರ, ಮಿಕ್ಕಿದ್ದನ್ನು ತೋರಿಸಬೇಡ ಎಂದು ಬೇರೆ ಬರೆದಿದ್ದರೆ ಬಿದ್ದದ್ದು ಕಾಣುತ್ತಲೇ ಇರಲಿಲ್ಲ. ಸಾಲಿನ ಕೊನೆಯಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಹೇಳಿ? ಬಟನ್ನು. ಪರಿಹಾರ ಒಂದೇ ಸಾಲಿನದು, 'ಡಿಸ್‌ಪ್ಲೇ: ಇನ್‌ಲೈನ್'. ಅದು ಯಾಕೆ ಕೆಲಸ ಮಾಡುತ್ತದೆ ಎಂದು ನಮ್ಮ ತಂಡದಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ತಾಯತದ ಹಾಗೆ, ಕಟ್ಟಿದರೆ ವಾಸಿಯಾಗುತ್ತಿತ್ತು.

ಪರೀಕ್ಷೆ ಮಾಡುವುದೇ ಒಂದು ಪಾಡು. ಇಂಟರ್ನೆಟ್ ಎಕ್ಸ್‌ಪ್ಲೋರರ್ ವಿಂಡೋಸಿನ ಒಳಗೇ ಸೇರಿಕೊಂಡಿದ್ದರಿಂದ ಒಂದು ಕಂಪ್ಯೂಟರಿನಲ್ಲಿ ಒಂದೇ ಆವೃತ್ತಿ. 7 ಹಾಕಿದರೆ 6 ಹೋಯಿತು. ಅದಕ್ಕೆ ಕಂಪ್ಯೂಟರಿನೊಳಗೆ ಇನ್ನೊಂದು ಸುಳ್ಳು ಕಂಪ್ಯೂಟರು ಎಬ್ಬಿಸಿ ಅದರಲ್ಲಿ ಹಳೆಯ ವಿಂಡೋಸು ಓಡಿಸಬೇಕು. ಮೈಕ್ರೋಸಾಫ್ಟಿನವರೇ ಅಂಥದ್ದನ್ನು ಬಿಟ್ಟಿ ಕೊಡುತ್ತಿದ್ದರು, ಆದರೆ ಕೆಲವು ತಿಂಗಳಿಗೆ ಅವಧಿ ಮುಗಿದು ಮತ್ತೆ ಇಳಿಸಿಕೊಳ್ಳಬೇಕಾಗುತ್ತಿತ್ತು. ಅದು ತೀರಾ ನಿಧಾನ ಎಂದು ನಮ್ಮ ಮೂಲೆಯಲ್ಲಿ ಒಂದು ಹಳೆಯ ಡಬ್ಬವನ್ನೂ ಇಟ್ಟುಕೊಂಡಿದ್ದೆವು. ಅಸಲಿ ಎಕ್ಸ್‌ಪಿ, ಅಸಲಿ ಐಇ6. ಅದರ ಮಾನಿಟರಿನ ಮೇಲೆ 'ದಯವಿಟ್ಟು ಅಪ್‌ಡೇಟ್ ಮಾಡಬೇಡಿ' ಎಂದು ಚೀಟಿ ಅಂಟಿಸಿತ್ತು. 2009ರಲ್ಲಿ ಐಇ8 ಬಂದ ಹೊಸತರಲ್ಲಿ, ಸಿಸ್ಟಮ್ ನೋಡಿಕೊಳ್ಳುವ ಹೊಸ ಹುಡುಗ ಒಂದು ಶನಿವಾರ ಎಲ್ಲ ಯಂತ್ರಗಳನ್ನೂ ಶ್ರದ್ಧೆಯಿಂದ ಅಪ್‌ಡೇಟ್ ಮಾಡಿಬಿಟ್ಟ. ಸೋಮವಾರ ಬಂದು ನೋಡಿದರೆ ಹಳೆಯದರ ಸುಳಿವಿಲ್ಲ. ಚೀಟಿ ಮಾತ್ರ ಇತ್ತು. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

ನಾನು ಐಇ6ನ್ನು ದ್ವೇಷಿಸುತ್ತಿದ್ದೆನೇ? ತಂಡದ ಜೊತೆ ಬೈಯುತ್ತಿದ್ದೆ, ನಿಜ. ಆದರೆ ನಾನು ಇಂಟರ್ನೆಟ್ಟಿನಲ್ಲಿ ಕನ್ನಡ ಓದಲು ಕಲಿತದ್ದು ಅದರಲ್ಲೇ. ಆಗ ಕನ್ನಡದ ಎಷ್ಟೋ ತಾಣಗಳು ಯೂನಿಕೋಡಿಗೆ ಬಂದಿರಲಿಲ್ಲ, ತಮ್ಮದೇ ಫಾಂಟುಗಳನ್ನು ಪುಟದ ಜೊತೆ ಕಳಿಸುತ್ತಿದ್ದವು. ಅವು ಐಇಯಲ್ಲಿ ಮಾತ್ರ ಇಳಿಯುತ್ತಿದ್ದವು. ಫೈರ್‌ಫಾಕ್ಸಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಆಶ್ಚರ್ಯಸೂಚಕ, ಡಾಲರ್ ಚಿಹ್ನೆ ಎಲ್ಲ ಕಲಸಿದ ಚಿತ್ರಾನ್ನ. ಯೂನಿಕೋಡ್ ಬಂದ ಮೇಲೂ ಎಕ್ಸ್‌ಪಿಯಲ್ಲಿ ಸಂಕೀರ್ಣ ಲಿಪಿಗಳ ಸೌಲಭ್ಯವನ್ನು ಸಿ.ಡಿ. ಹಾಕಿ ಬೇರೆಯಾಗಿ ಸೇರಿಸಿಕೊಳ್ಳದಿದ್ದರೆ ಕಾಣುವುದು ಬರೀ ಡಬ್ಬಗಳು. ನೋಕಿಯಾ ಫೋನಿನಲ್ಲಿ ಓದುತ್ತಿದ್ದವರಿಗೆ ಇನ್ನೊಂದು ಗುಟ್ಟು ನೆನಪಿರಬಹುದು: ಒಪೆರಾ ಮಿನಿಯ ವಿಳಾಸದ ಜಾಗದಲ್ಲಿ 'ಒಪೆರಾ:ಕಾನ್ಫಿಗ್' ಎಂದು ಬರೆದು, ಕೊನೆಯಲ್ಲಿರುವ ಬಿಟ್‌ಮ್ಯಾಪ್ ಫಾಂಟಿನ ಆಯ್ಕೆಗೆ 'ಎಸ್' ಎಂದು ಕೊಟ್ಟರೆ ಡಬ್ಬಗಳೆಲ್ಲ ಅಕ್ಷರಗಳಾಗುತ್ತಿದ್ದವು. ಅದನ್ನು ನಾನು ಹಾಸ್ಟೆಲಿನ ಅರ್ಧ ಜನಕ್ಕೆ ಮಾಡಿಕೊಟ್ಟಿದ್ದೆ. ಡಬ್ಬ ಕಂಡರೆ ತಪ್ಪು ಎಲ್ಲಿದೆ ಎಂದು ಹುಡುಕುವ ಚಟ ನನಗೆ ಕೆಲಸಕ್ಕೂ ಮುಂಚಿನದು.

2010ರ ಹೊತ್ತಿಗೆ ಗಾಳಿ ಬದಲಾಯಿತು. ಆ ಮಾರ್ಚಿನಲ್ಲಿ ಅಮೆರಿಕದ ಡೆನ್ವರಿನ ವಿನ್ಯಾಸಕಾರರ ತಂಡವೊಂದು ಐಇ6ಕ್ಕೆ ಶವಪೆಟ್ಟಿಗೆ ಸಮೇತ ಅಂತ್ಯಕ್ರಿಯೆ ಮಾಡಿತು. ಮೈಕ್ರೋಸಾಫ್ಟಿನ ಐಇ ತಂಡದವರು ಹೂವು ಕಳಿಸಿಕೊಟ್ಟರು. ಅದೇ ತಿಂಗಳು ಯೂಟ್ಯೂಬು ಐಇ6ಕ್ಕೆ ಬೆಂಬಲ ನಿಲ್ಲಿಸಿತು. ನಮ್ಮ ಗ್ರಾಹಕರೂ ಧೈರ್ಯ ಮಾಡಿ, ನಮ್ಮ ಸೈಟಿಗೆ ಅದರಲ್ಲಿ ಬರುವವರು ನೂರಕ್ಕೆ ಇಬ್ಬರೂ ಇಲ್ಲ, ಇನ್ನು ಪರೀಕ್ಷಿಸುವುದು ಬೇಡ ಎಂದು ಮೇಲ್ ಕಳಿಸಿದರು. ನಾವು ಕೇಕು ತರಿಸಿದೆವು. ಮೇಲೆ ಕ್ರೀಮಿನಲ್ಲಿ ನೀಲಿ 'ಇ' ಅಕ್ಷರ, ಅದರ ಮೇಲೆ ಒಂದು ಶಿಲುಬೆ. ಕತ್ತರಿಸಿದ್ದು ನಾನು. ಆಗ ನನ್ನ ಹಾಳೆಯಲ್ಲಿ ಆ ಆವೃತ್ತಿಯ ಹದಿನಾಲ್ಕು ಬಗ್‌ಗಳು ಬಾಕಿಯಿದ್ದವು. ಎಲ್ಲದರ ಮುಂದೆಯೂ ಒಂದೇ ಏಟಿಗೆ 'ವೋಂಟ್ ಫಿಕ್ಸ್' ಎಂದು ತುಂಬಿದೆ. ಅವುಗಳಲ್ಲಿ ಒಂದು, ನೋಂದಣಿ ಪುಟದಲ್ಲಿ 'ಮುಂದೆ' ಬಟನ್ನು ಕೆಳಗೆ ಜಾರಿ ಮರೆಯಾಗುವುದು.

ಜುಲೈನಲ್ಲಿ ಒಂದು ಸಂಜೆ ಚಿಕ್ಕಪ್ಪನ ಮಗಳು ಫೋನ್ ಮಾಡಿದಳು. ತುರುವೇಕೆರೆಯಿಂದ ಒಳಗೆ ನಮ್ಮ ಊರು. ಪಿಯುಸಿ ಚೆನ್ನಾಗಿ ಮಾಡಿದ್ದಳು, ಒಂದು ಕೋರ್ಸಿಗೆ ಅರ್ಜಿ ಹಾಕಬೇಕೆಂದು ತಿಂಗಳಿಂದ ಹೇಳುತ್ತಿದ್ದಳು. ಆ ವರ್ಷ ಅವರು ಅರ್ಜಿಯನ್ನು ಆನ್‌ಲೈನ್ ಮಾಡಿದ್ದರು. ಫೋನ್ ಮಾಡಿದ್ದು ಸಹಾಯಕ್ಕಲ್ಲ. ಕೊನೆಯ ದಿನಾಂಕ ಹಿಂದಿನ ದಿನವೇ ಮುಗಿದಿತ್ತು.

"ಹಾಕಕ್ಕೆ ಆಗಲಿಲ್ಲ ಕಣಣ್ಣ. ನಂಗೇ ಸರಿಯಾಗಿ ಬರಲಿಲ್ಲ ಅನ್ಸುತ್ತೆ. ಅಪ್ಪಂಗೆ ನೀನೇ ಒಂದ್ ಮಾತು ಹೇಳು, ಬೈತಾರೆ."

"ಏನಾಯ್ತು?"

"ಎಲ್ಲಾ ತುಂಬಿದೆ. ಹೆಸರು, ಮಾರ್ಕ್ಸು, ಎಲ್ಲಾ. ಕಳ್ಸೋದು ಎಲ್ಲಿ ಅಂತಲೇ ಗೊತ್ತಾಗಲಿಲ್ಲ."

ಎರಡು ದಿನ ಹೋಗಿದ್ದಳಂತೆ. ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರು, ಗಂಟೆಗೆ ಇಪ್ಪತ್ತು ರೂಪಾಯಿ. ಮೊದಲ ದಿನ ಅಂಗಡಿಯ ಹುಡುಗ ಬಂದು ನೋಡಿ, ನೆಟ್ ಸ್ಲೋ ಇದೆ ಮೇಡಂ, ಪೇಜು ಪೂರ್ತಿ ಬಂದಿಲ್ಲ, ನಾಳೆ ಬನ್ನಿ ಎಂದಿದ್ದಾನೆ. ಮರುದಿನ ಇವಳು ಮತ್ತೆ ಎಲ್ಲ ತುಂಬಿದ್ದಾಳೆ. ಮತ್ತೆ ಅದೇ. ಪಕ್ಕದಲ್ಲಿ ಕೂತವರು ಯಾರೋ ಬೇರೆ ಏನೋ ಮಾಡಿಕೊಂಡು ಎದ್ದು ಹೋದರು, ಅವರಿಗೆಲ್ಲ ಬರುತ್ತದೆ ತನಗೆ ಬರುವುದಿಲ್ಲ ಎಂದುಕೊಂಡು, ಹುಡುಗನನ್ನು ಇನ್ನೊಮ್ಮೆ ಕರೆಯಲು ನಾಚಿಕೆಯಾಗಿ, ದುಡ್ಡು ಕೊಟ್ಟು ಬಸ್ಸು ಹತ್ತಿದ್ದಾಳೆ.

"ನಂಗ್ಯಾಕೆ ಫೋನ್ ಮಾಡ್ಲಿಲ್ಲ?"

"ನಿಂಗೆ ಆಫೀಸಿರುತ್ತಲ್ಲಣ್ಣ. ಇಷ್ಟಕ್ಕೆಲ್ಲ ಏನು ಅಂತ."

ಯಾವ ಬ್ರೌಸರು ಎಂದು ಕೇಳಿದೆ. ಅವಳಿಗೆ ಆ ಪದ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ. "ನೀಲಿ ಇ" ಎಂದಳು. ಪೇಜು ಎಷ್ಟು ಅಂತ ಜಾರಿಸಿ ನೋಡಿದೆ, ಕೆಳಗೆ ಏನೂ ಇಲ್ಲ, ಸುಮ್ಮನೆ ಬಿಳಿ ಎಂದಳು. ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ನಾಳೆ ಇನ್ನೊಂದು ಸಲ ಹೋಗ್ತೀಯಾ ಎಂದೆ. ಡೇಟು ಮುಗೀತಲ್ಲ ಎಂದಳು. ಆದರೂ ಹೋಗು, ದುಡ್ಡು ನಾನು ಕೊಡ್ತೀನಿ ಎಂದೆ. ಈಗ ಯೋಚಿಸಿದರೆ ಅದು ಅವಳಿಗಾಗಿ ಹೇಳಿದ ಮಾತೇ ಅಲ್ಲ. ನನಗೆ ನೋಡಬೇಕಿತ್ತು.

ಮರುದಿನ ಹನ್ನೊಂದಕ್ಕೆ ಸೈಬರ್ ಸೆಂಟರಿನಿಂದ ಫೋನ್ ಮಾಡಿದಳು. ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದೆ. ಅರ್ಜಿಯ ಪುಟ ಇನ್ನೂ ತೆರೆಯುತ್ತಿತ್ತು. 'ಹೆಲ್ಪ್' ಒತ್ತು, ಕೊನೆಯಲ್ಲಿ 'ಅಬೌಟ್' ಅಂತ ಇದೆಯಲ್ಲ, ಅದನ್ನು ಓದು ಎಂದೆ. ವರ್ಶನ್ ಆರು ಪಾಯಿಂಟ್ ಸೊನ್ನೆ ಎಂದು ಶುರು ಮಾಡಿದಳು, ಅದರ ಹಿಂದೆ ಉದ್ದಕ್ಕೆ ಅಂಕಿಗಳು, ಒಂದೊಂದೇ ಓದಿದಳು. ಸಾಕು ಎಂದೆ. ಎಲ್ಲ ತುಂಬು ಎಂದೆ. ಮೂರನೆಯ ಸಲ ತುಂಬಿದಳು. ಕೀಬೋರ್ಡಿನಲ್ಲಿ ಎಡಗಡೆ ಟ್ಯಾಬ್ ಅಂತ ಒಂದು ಕೀಲಿ ಇದೆ, ಕೊನೆಯ ಜಾಗದಲ್ಲಿ ಕ್ಲಿಕ್ ಮಾಡಿ ಅದನ್ನು ಒಂದು ಸಲ ಒತ್ತು.

ಇದರ ಹಿಂದಿನ ಕಥೆ ಇಷ್ಟೇ. ಟ್ಯಾಬ್ ಒತ್ತಿದರೆ ಬ್ರೌಸರು ಪುಟದಲ್ಲಿ ಮುಂದಿನ ಜಾಗಕ್ಕೆ ಹೋಗುತ್ತದೆ. ಆ ಜಾಗ ಕಣ್ಣಿಗೆ ಕಾಣದೆ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದರೂ ಹೋಗುತ್ತದೆ. ಹೋದ ಮೇಲೆ ಅದನ್ನು ಎಳೆದು ಕಣ್ಣ ಮುಂದೆ ತರುತ್ತದೆ.

ಆ ಕಡೆ ಸದ್ದಿಲ್ಲ. ಫ್ಯಾನಿನ ಸದ್ದು ಮಾತ್ರ. ಆಮೇಲೆ ಅವಳು ಕೇಳಿದಳು: "ಇತ್ತಾ ಅದು?"

ಒತ್ತಿದಳು. ಕೊನೆಯ ದಿನಾಂಕ ಮುಗಿದಿದೆ ಎಂದು ಬಂತು.

ಮೇಲೆ ಬಂದು ನನ್ನ ಕುರ್ಚಿಯಲ್ಲಿ ಕೂತೆ. ಆ ಅರ್ಜಿ ಪುಟವನ್ನು ತೆರೆದು ಅದರ ಮೂಲ ಬರಹ ನೋಡಿದೆ. ಎಡಕ್ಕೆ ಆನಿಸಿದ ಭಾಗ, ಎಡಗಡೆ ಅಂಚು, ಪೆಟ್ಟಿಗೆಗೆ ಗೊತ್ತುಮಾಡಿದ ಎತ್ತರ, ಮಿಕ್ಕಿದ್ದು ಕಾಣದಂತೆ ಕಟ್ಟು. ಅದನ್ನು ಮಾಡಿದ್ದು ನಮ್ಮ ಕಂಪನಿಯಲ್ಲ, ಯಾರೋ. ನನ್ನಂಥವನೊಬ್ಬ ಅಲ್ಲೂ ಇದ್ದು, ಕಂಡು, 'ವೋಂಟ್ ಫಿಕ್ಸ್' ಎಂದು ತುಂಬಿದ್ದನೋ, ಅಥವಾ ಯಾರೂ ನೋಡಿಯೇ ಇರಲಿಲ್ಲವೋ. ನನ್ನ ಹಾಳೆಯ ಬಗ್‌ಗೂ ಇದಕ್ಕೂ ಒಂದು ಕೂದಲಿನಷ್ಟು ವ್ಯತ್ಯಾಸವಿರಲಿಲ್ಲ. ಏಳು ವ್ಯತ್ಯಾಸ ಹುಡುಕುವವನಿಗೆ ಒಂದೂ ಸಿಗಲಿಲ್ಲ.

ಆ ಸೈಬರ್ ಸೆಂಟರಿನಲ್ಲಿ ಐಇ6 ಯಾಕಿತ್ತು ಎಂಬುದೂ ಗುಟ್ಟೇನಲ್ಲ. ಅಂಥ ಕಡೆಗಳಲ್ಲಿ ಎಕ್ಸ್‌ಪಿ ಸಾಮಾನ್ಯವಾಗಿ ಕಳ್ಳ ಪ್ರತಿ. ಐಇ7 ಬಂದಾಗ ಅಸಲಿ ವಿಂಡೋಸಿಗೆ ಮಾತ್ರ ಎಂದು ಪರೀಕ್ಷೆ ಮಾಡಿ ಕೊಡುತ್ತಿದ್ದರು. ಒಂದು ವರ್ಷದ ನಂತರ ಆ ಷರತ್ತು ತೆಗೆದರು, ಅಷ್ಟರಲ್ಲಿ ಅಂಗಡಿಯವರು ಅಪ್‌ಡೇಟ್ ಎಂಬ ಪದಕ್ಕೇ ಹೆದರಿ ಎಲ್ಲವನ್ನೂ ಬಂದ್ ಮಾಡಿಟ್ಟಿದ್ದರು. ಮೇಲಾಗಿ ಡೀಪ್ ಫ್ರೀಜ್ ಎಂಬ ತಂತ್ರಾಂಶ ಹಾಕಿರುತ್ತಿದ್ದರು. ಯಾರು ಏನೇ ಮಾಡಲಿ, ಯಂತ್ರ ಆರಿಸಿ ಹಚ್ಚಿದರೆ ಮೊದಲಿನ ಸ್ಥಿತಿಗೇ ಬರುತ್ತದೆ. ಒಳ್ಳೆಯ ಗಿರಾಕಿಯೊಬ್ಬ ಪಾಪ ಎಂದು ಫೈರ್‌ಫಾಕ್ಸು ಹಾಕಿಟ್ಟು ಹೋದರೂ ಮರುದಿನ ಇರುತ್ತಿರಲಿಲ್ಲ.

ನಾನು ಮ್ಯಾನೇಜರಿಗೆ ಆ ಬಗ್ಗನ್ನು ಮತ್ತೆ ತೆರೆಯೋಣ ಎಂದೆ. ಒಂದು ಸಾಲು, ಅಷ್ಟೇ. ಅವರು ಕೆಟ್ಟವರಲ್ಲ, ಕಾರಣ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ನಿಮ್ಮ ತಂಗಿ ನಮ್ಮ ಕ್ಲೈಂಟಿನ ಗಿರಾಕಿ ಅಲ್ಲವಲ್ಲ" ಎಂದರು. ಅದೂ ಸರಿಯೇ. ಪ್ರತಿ ಹಳೆಯ ಆವೃತ್ತಿಯನ್ನೂ ಕೊನೆತನಕ ಹೊತ್ತುಕೊಂಡು ತಿರುಗಲು ಆಗುವುದಿಲ್ಲ. ನಮ್ಮ ಡೆವಲಪರ್ ಒಬ್ಬಳು ಐಇ6ಗಾಗಿ ಮೂರು ರಾತ್ರಿ ಮನೆಗೆ ಹೋಗದೆ ಕೂತಿದ್ದನ್ನು ನಾನೇ ಕಂಡಿದ್ದೇನೆ. ಆ ಕೇಕಿನ ಮೊದಲ ತುಂಡು ಅವಳಿಗೇ ಕೊಟ್ಟಿದ್ದು. ಹಾಗಾಗಿ ವಾದ ಮಾಡಲಿಲ್ಲ. ಬೂದು ಚೌಕ ಬಂದರೆ ಬರಲಿ, ಅಂಚು ಎರಡರಷ್ಟಾದರೆ ಆಗಲಿ. ಬಟನ್ನು ಕಾಣದಿರುವುದನ್ನೂ ಅದೇ ಪಟ್ಟಿಗೆ ಸೇರಿಸಿ ಒಂದೇ ಏಟಿಗೆ ಮುಚ್ಚಿದೆನಲ್ಲ, ಅದು ಮಾತ್ರ ಗಂಟಲಲ್ಲಿ ಉಳಿಯಿತು. ಬಗ್ ಬರೆಯುವ ನಮೂನೆಯಲ್ಲಿ ತೀವ್ರತೆ ಎಷ್ಟು, ಎಷ್ಟು ಜನಕ್ಕೆ ತಾಗುತ್ತದೆ, ಮತ್ತೆ ಮಾಡಿದರೆ ಬರುತ್ತದೆಯೇ ಎಂದೆಲ್ಲ ಕೇಳಿರುತ್ತದೆ. ಎದುರಿಗೆ ಕೂತವರು ಇದನ್ನು ಪುಟದ ತಪ್ಪು ಎಂದುಕೊಳ್ಳುತ್ತಾರೋ ತಮ್ಮ ತಪ್ಪು ಎಂದುಕೊಳ್ಳುತ್ತಾರೋ ಎಂಬುದಕ್ಕೆ ಕಾಲಮ್ಮಿರಲಿಲ್ಲ. ತಮ್ಮ ತಪ್ಪು ಎಂದುಕೊಂಡವರು ದೂರು ಕೊಡುವುದಿಲ್ಲ. ನಮ್ಮ ನೂರಕ್ಕೆ ಇಬ್ಬರಲ್ಲಿ ಒಬ್ಬರೂ ಎಂದೂ ಮೇಲ್ ಬರೆದಿರಲಿಲ್ಲ. ಅದನ್ನು ನಾವು ತೊಂದರೆಯಿಲ್ಲ ಎಂದು ಓದಿಕೊಂಡಿದ್ದೆವು.

ಆವೃತ್ತಿಗಳ ಲೆಕ್ಕದಲ್ಲಿ ತಮಾಷೆಗಳೂ ಇವೆ, ಅವನ್ನೂ ಹೇಳದೆ ಹೋದರೆ ಈ ಕಸುಬಿಗೆ ಅನ್ಯಾಯ. ಒಪೆರಾ ಬ್ರೌಸರು 9ರಿಂದ 10ಕ್ಕೆ ಹೋಗುವಾಗ ಎಷ್ಟೋ ತಾಣಗಳು ಮೊದಲ ಅಂಕಿಯನ್ನಷ್ಟೇ ಓದಿ, ಓಹೋ ಇದು ಒಪೆರಾ 1, ತೀರಾ ಹಳೆಯದು ಎಂದು ಬಾಗಿಲು ಹಾಕಿದವು. ಕೊನೆಗೆ ಒಪೆರಾದವರು ಸೋತು, ತಾನು 9.80 ಎಂದೇ ಹೇಳಿಕೊಂಡು ನಿಜವಾದ ಸಂಖ್ಯೆಯನ್ನು ಸಾಲಿನ ಕೊನೆಯಲ್ಲಿ ಬರೆದರು. 2022ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ನೂರನೆಯ ಆವೃತ್ತಿ ಮುಟ್ಟಿದಾಗ ಮೂರಂಕಿಯ ಭಯದಿಂದ ಮುಂಚೆಯೇ ಪರೀಕ್ಷೆಗಳು ನಡೆದವು. ಅಷ್ಟೊತ್ತಿಗೆ ಕೆಲಸದ ರೀತಿಯೇ ಬದಲಾಗಿತ್ತು. ಮೂಲೆಯ ಡಬ್ಬ ಇಲ್ಲ, ಚೀಟಿ ಇಲ್ಲ. ಎಲ್ಲೋ ಇರುವ ನೂರಾರು ಫೋನು, ಕಂಪ್ಯೂಟರುಗಳನ್ನು ನಿಮಿಷದ ಲೆಕ್ಕದಲ್ಲಿ ಬಾಡಿಗೆಗೆ ತೆಗೆದುಕೊಂಡು ಇಲ್ಲಿಂದಲೇ ಓಡಿಸುತ್ತೇವೆ. ಒಪ್ಪಂದದಲ್ಲಿ 'ಇತ್ತೀಚಿನ ಎರಡು ಆವೃತ್ತಿ' ಎಂದು ಬರೆದಿರುತ್ತದೆ. ಮಿಕ್ಕವು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನಾನು ಮಾತ್ರ ದಿನ ಮುಗಿಯುವ ಮೊದಲು ಹತ್ತು ನಿಮಿಷ, ಯಾರೂ ಕೇಳದ ಒಂದು ಹಳೆಯ ಫೋನು ತೆಗೆದುಕೊಂಡು, ಪುಟದ ಕೊನೆಯ ಬಟನ್ನು ಇದೆಯೇ ಎಂದಷ್ಟೇ ನೋಡುತ್ತೇನೆ. ಅದರ ಲೆಕ್ಕ ಯಾವ ಹಾಳೆಯಲ್ಲೂ ಇಲ್ಲ.

ತಂಗಿ ಆ ಕೋರ್ಸಿಗೆ ಹೋಗಲಿಲ್ಲ. ಮುಂದಿನ ವರ್ಷಕ್ಕೆ ಕಾಯಲು ಚಿಕ್ಕಪ್ಪ ಒಪ್ಪಲಿಲ್ಲ. ತಿಪಟೂರಿನಲ್ಲಿ ಬಿ.ಎ. ಸೇರಿದಳು, ಆಮೇಲೆ ಬಿ.ಎಡ್., ಈಗ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತಾಳೆ. ಅದರಿಂದ ಒಳ್ಳೆಯದಾಯಿತೋ ಕೆಟ್ಟದಾಯಿತೋ ನಾನು ಹೇಳಲಾರೆ, ಅವಳೂ ಆ ಮಾತು ಎತ್ತಿದವಳಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಮಾತ್ರ ಗಂಡನಿಗೆ ನನ್ನ ಪರಿಚಯ ಮಾಡಿಕೊಡುತ್ತಾ, "ನಮ್ಮಣ್ಣ, ಕಾಣದೇ ಇರೋ ಬಟನ್ ಹುಡುಕೋ ಕೆಲಸ" ಎಂದಿದ್ದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮೊನ್ನೆ ಶಾಲೆ ಬಿಡುವ ಹೊತ್ತಿಗೆ ಅವಳ ಫೋನು ಬಂತು. ಹಿಂದೆ ಮಕ್ಕಳ ಗಲಾಟೆ.

"ಅಣ್ಣ, ಒಂದು ಸ್ಕಾಲರ್‌ಶಿಪ್ ಫಾರಂ. ಹತ್ತನೇ ಕ್ಲಾಸಿನ ಹುಡುಗಿ, ಅವರಮ್ಮನ ಫೋನು. ಎಲ್ಲಾ ತುಂಬಿದಾಳೆ, ಆಮೇಲೆ ಮುಂದಕ್ಕೇ ಹೋಗ್ತಿಲ್ಲ. ತಂದೇ ತಪ್ಪು ಅಂತ ಅಳ್ತಾ ಕೂತಿದ್ಲು. ಕ್ರೋಮು ತೊಂಬತ್ತೈದು, ಆಂಡ್ರಾಯ್ಡ್ ಐದು. ನೀನು ಕೇಳ್ತೀಯ ಅಂತ ಮೊದ್ಲೇ ನೋಡಿಟ್ಕೊಂಡಿದೀನಿ."

ಆಂಡ್ರಾಯ್ಡ್ 5ಕ್ಕೆ ಕ್ರೋಮ್ ನಿಂತಿದ್ದೇ 95ರಲ್ಲಿ. ಅದರಾಚೆ ಆ ಫೋನಿಗೆ ಅಪ್‌ಡೇಟು ಬರುವುದಿಲ್ಲ. ಡೇಟು ಯಾವಾಗ ಎಂದು ಕೇಳಿದೆ. ಇನ್ನೂ ನಾಲ್ಕು ದಿನ ಐತೆ ಎಂದಳು. ನಾನು ಲ್ಯಾಪ್‌ಟಾಪು ತೆರೆಯುತ್ತಿದ್ದೆ, ಅಷ್ಟರಲ್ಲಿ ಅವಳೇ ಕೇಳಿದಳು:

"ಅಣ್ಣ, ಫೋನಲ್ಲಿ ಟ್ಯಾಬ್ ಕೀಲಿ ಎಲ್ಲಿರುತ್ತೆ?"